ಹುಣಸೆಕಟ್ಟೆ ಕಾನೂನು ಸೇವೆ

ನ್ಯಾಯಾಲಯದಲ್ಲಿ ಅಳುವುದು ನಿಂತು ಮೂರು ವರ್ಷವಾಗಿತ್ತು. ಕೂಗಾಡುವುದೂ ನಿಂತಿತ್ತು.

ಮೊದಲು ಕೋರ್ಟುಗಳು ಪರದೆಗೆ ಬಂದವು. ಬೆಳಗಿನ ಬಸ್ಸು ಹಿಡಿಯುವುದು ತಪ್ಪಿತಲ್ಲ ಎಂದು ಜನ ಖುಷಿಪಟ್ಟರು. ಆಮೇಲೆ ಯಾರೋ ಪಂಡಿತರು ಹಳೆಯ ತೀರ್ಪುಗಳನ್ನೆಲ್ಲ ಯಂತ್ರಕ್ಕೆ ಸುರಿದು ಜಾಲಾಡಿಸಿ ಒಂದು ಮಾತು ಹೇಳಿದರು: ಚೆನ್ನಾಗಿ ಅಳುವವರು ಗೆಲ್ಲುತ್ತಾರೆ, ನುಣ್ಣಗೆ ಮಾತಾಡುವವರು ಇನ್ನೂ ಹೆಚ್ಚು ಗೆಲ್ಲುತ್ತಾರೆ, ತೊದಲುವವರು, ಹಳ್ಳಿ ಮಾತಿನವರು ಸೋಲುತ್ತಾರೆ. ಇದನ್ನು ಕಂಡುಹಿಡಿಯಲು ಯಂತ್ರವೇ ಬೇಕಿತ್ತೇ? ಕೋರ್ಟಿನ ಮುಂದಿನ ಚಹಾದಂಗಡಿಯವನನ್ನು ಕೇಳಿದ್ದರೆ ಹೇಳುತ್ತಿದ್ದ. ಅಂತೂ ಅದಕ್ಕೆ ಮದ್ದಾಗಿ ಸಮಸ್ವರ ಬಂತು.

ಕೊರಳಿಗೆ ಎರಡು ಬೆರಳಗಲದ ಪಟ್ಟಿ, ಕಿವಿಗೆ ಎರಡು ಗುಂಡಿ, ಇಷ್ಟೇ. ಮಾತಾಡುವವರ ದನಿಯಿಂದ ನಡುಕ, ಬಿಕ್ಕು, ಸಿಟ್ಟು, ಜಾತಿ, ಊರು ಎಲ್ಲವನ್ನೂ ಸೋಸಿ ತೆಗೆದು ಬರೀ ಮಾತನ್ನು ಕೋರ್ಟಿಗೆ ಕಳಿಸುತ್ತಿತ್ತು. ಪರದೆಯ ಮೇಲೆ ಮುಖ ಇರುತ್ತಿರಲಿಲ್ಲ. ಹೆಸರು, ಅದರ ಕೆಳಗೆ ಒಂದು ಹಸಿರು ಗೆರೆ. ಗೆರೆ ನೆಟ್ಟಗಿದ್ದರೆ ಮಾತು ಒಳಗೆ ಹೋಗುತ್ತದೆ, ಅಲುಗಾಡಿದರೆ ಬಾಗಿಲಲ್ಲೇ ನಿಲ್ಲುತ್ತದೆ. ಸೋಸಿ ತೆಗೆದದ್ದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ, ಆ ಕ್ಷಣವೇ ಅಳಿಸಿಬಿಡಬೇಕು ಎಂದು ಕಾಯಿದೆಯಲ್ಲೇ ಬರೆದಿದ್ದರು. ಸಾಹುಕಾರನ ದನಿ, ಹಮಾಲಿಯ ದನಿ ಎರಡೂ ಒಂದೇ. ಒಳ್ಳೆಯದೇ ಅಲ್ಲವೇ?

ಒಳ್ಳೆಯದೇ ಎಂದು ದಾವಣಗೆರೆಯ ವಕೀಲೆ ಕಮಲಾಕ್ಷಿ ಎಲ್ಲರಿಗಿಂತ ಮೊದಲು ಹೇಳಿದ್ದಳು. ಹಳ್ಳಿ ಶಾಲೆಯಲ್ಲಿ ಓದಿ ಮೇಲೆ ಬಂದವಳು. ಇಪ್ಪತ್ತು ವರ್ಷ ಅವಳ ಮಾತಿನ ಧಾಟಿಗೆ ನಕ್ಕವರಿದ್ದರು. ನಕ್ಕವರನ್ನು ಅವಳೂ ಸುಮ್ಮನೆ ಬಿಟ್ಟವಳಲ್ಲ. ಕೋರ್ಟಿನ ಅಂಗಳದ ಹುಣಸೆಮರದ ಕಟ್ಟೆಯ ಮೇಲೆ ಕಕ್ಷಿದಾರರನ್ನು ಕೂರಿಸಿಕೊಂಡು ಮಾತಾಡುತ್ತಿದ್ದಳು. ಅಲ್ಲಿಂದ ಅವಳು ಬೈಯುವುದು ಮೊದಲ ಮಹಡಿಯ ಕೋರ್ಟ್ ಹಾಲಿಗೆ ಕೇಳಿಸುತ್ತಿತ್ತು. ಎದುರುಕಕ್ಷಿಗೆ ಬೈಯುವಳು, ಗುಮಾಸ್ತರಿಗೆ ಬೈಯುವಳು, ಸುಳ್ಳು ಹೇಳಿದರೆ ತನ್ನ ಕಕ್ಷಿದಾರರಿಗೇ ಇನ್ನೂ ಎರಡು ಹೆಚ್ಚು ಬೈಯುವಳು. ಒಮ್ಮೆ ನ್ಯಾಯಾಧೀಶರೊಬ್ಬರು, "ಕಮಲಾಕ್ಷಿಯವರೇ, ನಿಮ್ಮ ವಾದ ನನಗೆ ಆಗಲೇ ಕಿಟಕಿಯಿಂದ ಬಂದಿದೆ, ಕುಳಿತುಕೊಳ್ಳಿ" ಎಂದಿದ್ದರು.

ಕೋರ್ಟು ಪರದೆಗೆ ಹೋದಾಗ ಅಂಗಳ ಖಾಲಿಯಾಯಿತು. ಅಂಗಳದ ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ ಅವಳ ಗಂಡ ರುದ್ರಮುನಿಯ ಕೆಲಸವೂ ಹೋಯಿತು. ಆಗ ಗಂಡಹೆಂಡತಿ ಸೇರಿ ಮನೆಯಲ್ಲೇ ಹೊಸ ಉದ್ಯೋಗ ಶುರುಮಾಡಿದರು. ಬೋರ್ಡಿಲ್ಲ, ಬಾಗಿಲಿಲ್ಲ, ಬೆಂಚಿಲ್ಲ. ಫೋನಿನಲ್ಲೇ ಕಚೇರಿ. ಹೆಸರು ಮಾತ್ರ ರುದ್ರಮುನಿ ಇಟ್ಟದ್ದು: ಹುಣಸೆಕಟ್ಟೆ ಕಾನೂನು ಸೇವೆ.

"ಕಟ್ಟೇನೇ ಇಲ್ಲ, ಕಟ್ಟೆ ಅಂತ ಹೆಸರಿಟ್ರೆ ಮೋಸ ಆಗಲ್ವೇನ್ರೀ?" ಅಂದಿದ್ದಳು ಕಮಲಾಕ್ಷಿ.

"ಹುಲಿ ಬೀಡಿಯೊಳಗೆ ಹುಲಿ ಇರ್ತತಾ? ಸುಮ್ನಿರು" ಅಂದಿದ್ದ ಅವನು.

ಅಡುಗೆಮನೆಯ ಪಕ್ಕದ ಉಗ್ರಾಣವೇ ಯಂತ್ರಕೋಣೆಯಾಯಿತು. ಅಕ್ಕಿ ಚೀಲ ಹೊರಗೆ ಬಂದವು, ಮೂರು ಪರದೆ ಒಳಗೆ ಹೋದವು. ಸದ್ದು ಬರಬಾರದೆಂದು ಗೋಡೆಗೆಲ್ಲ ಅವನ ತಾಯಿ ಹೊಲಿದಿದ್ದ ಕೌದಿಗಳನ್ನು ಹೊಡೆದರು. ಕಮಲಾಕ್ಷಿ ಕೊರಳಿಗೆ ಪಟ್ಟಿ ಹಾಕಿಕೊಂಡು ದಿನವಿಡೀ ಒಳಗೆ ಕೂರುವಳು. ರುದ್ರಮುನಿ ಕಕ್ಷಿದಾರರಿಗೆ ಪಟ್ಟಿಯನ್ನು ಕೊರಿಯರಿನಲ್ಲಿ ಕಳಿಸುವನು, ಅವರ ಗಂಟಲಿಗೆ ಅದನ್ನು ಹೊಂದಿಸುವನು, ಗೆರೆ ಕಾಯುವನು. ಅವನು ಮಾತ್ರ ಯಾವತ್ತೂ ಪಟ್ಟಿ ಹಾಕಿದವನಲ್ಲ. ಅವನು ಕೋರ್ಟಿನಲ್ಲಿ ಮಾತಾಡುವವನಲ್ಲವಲ್ಲ.

ಬೇಗನೇ ಅವರಿಗೊಂದು ವಿಷಯ ಗೊತ್ತಾಯಿತು. ಕಕ್ಷಿದಾರರು ಪಟ್ಟಿ ಹಾಕಿಕೊಂಡೇ ವಕೀಲರ ಹತ್ತಿರ ಮಾತಾಡಿದರೆ ಕೆಲಸ ಸಲೀಸು. ಹಿಂದೆ ಒಬ್ಬ ಹೆಂಗಸು ತನ್ನ ಕಥೆ ಹೇಳಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದಳು. ಅದರಲ್ಲಿ ಮುಕ್ಕಾಲು ಭಾಗ ಅಳು. ಈಗ ಅದೇ ಕಥೆ ರೇಷನ್ ಅಂಗಡಿಯ ದರದ ಹಲಗೆ ಓದಿದ ಹಾಗೆ ಬರುತ್ತಿತ್ತು. "ನನ್ನ ಗಂಡ ನನಗೆ ಹೊಡೆದ. ಆಮೇಲೆ ಊಟ ಮಾಡಿದ." ಬರೆದುಕೊಳ್ಳಲು ಸುಲಭ. ಬೇರೆ ವಕೀಲರು ಒಂದು ಕೇಸು ಕೇಳುವಷ್ಟರಲ್ಲಿ ಹುಣಸೆಕಟ್ಟೆಯವರು ನಾಲ್ಕು ಮುಗಿಸುತ್ತಿದ್ದರು. ಜನಕ್ಕೂ ಅದು ಹಿಡಿಸಿತು. "ಅದು ಹಾಕ್ಕೊಂಡ್ರೆ ಎದಿ ಹಗುರ ಆಗ್ತತ್ರೀ ಮೇಡಂ" ಎಂದು ಪಟ್ಟಿ ವಾಪಸು ಕೊಡಲು ಒಲ್ಲದವರೂ ಇದ್ದರು.

ಈ ಕಾಲದಲ್ಲೇ ದುರುಗಮ್ಮ ಬಂದದ್ದು.

ಮಂಡಕ್ಕಿ ಭಟ್ಟಿಯವಳು. ಗಂಡ ಬಿಟ್ಟ ಮೇಲೆ ತವರಿಗೆ ಬಂದು ಅಪ್ಪನ ಭಟ್ಟಿಯ ಹಿಂದಿನ ಕೋಣೆಯಲ್ಲಿದ್ದುಕೊಂಡು, ಬಾಣಲೆಯಲ್ಲಿ ಮರಳು ಕಾಯಿಸಿ ಮಂಡಕ್ಕಿ ಹುರಿದೇ ತಲೆ ನರೆತವಳು. ಅಪ್ಪ ಸತ್ತ ಮೇಲೆ ತಮ್ಮ ಹಾಲೇಶಿ ಭಟ್ಟಿ ಕೆಡವಿ ಜಾಗವನ್ನು ಮಾರಲು ಹೊರಟ. ಬ್ಯಾಟರಿ ಬದಲಿಸುವ ಕೇಂದ್ರದವರು ಕೇಳಿದ್ದರು. ದುರುಗಮ್ಮ ಪಾಲು ದಾವೆ ಹಾಕಿಸಿದಳು.

"ನಂಗೆ ದುಡ್ಡು ಬ್ಯಾಡ ವಕೀಲಮ್ಮಾರೆ" ಅಂದಳು ಮೊದಲ ದಿನವೇ ಫೋನಿನಲ್ಲಿ. "ಭಟ್ಟಿ ನಿಂತಿರಬೇಕು. ನಾನಿರೋತನಕ ಒಲೆ ಉರೀಬೇಕು. ಅಷ್ಟೇ."

ಕೇಸು ಗಟ್ಟಿಯಾಗಿತ್ತು. ಮಗಳಿಗೂ ಮಗನಿಗೂ ಸಮಪಾಲು. ಅವಳು ಒಪ್ಪದೆ ಜಾಗ ಮಾರುವ ಹಾಗಿಲ್ಲ. ಕಮಲಾಕ್ಷಿ ಮೂರು ಮಾತಿನಲ್ಲಿ ಅದನ್ನು ಹೇಳಿ ಮುಗಿಸಿದಳು. ರುದ್ರಮುನಿ ಪಟ್ಟಿ ಕಳಿಸಿದ. ದುರುಗಮ್ಮನ ಗಂಟಲು ಒಲೆಯ ಹೊಗೆ ಕುಡಿದು ಒಡೆದುಹೋಗಿತ್ತು, ಯಂತ್ರಕ್ಕೆ ಸರಿಯಾಗಿ ಹತ್ತುತ್ತಿರಲಿಲ್ಲ. "ಒಂದು ವಾರ ಮನೇಲೂ ಹಾಕ್ಕೊಂಡಿರಮ್ಮ. ಹಂಗೇ ಮಾತಾಡ್ತಾ ಇರು, ಅದೇ ಹೊಂದ್ಕೊಳ್ತದೆ" ಅಂದ. ಅವನು ಎಲ್ಲರಿಗೂ ಹಾಗೇ ಹೇಳುತ್ತಿದ್ದ.

ಆ ವಾರದಲ್ಲಿ ಪಂಚಮಿ ಬಂತು. ಹಾಲೇಶಿ ಅಕ್ಕನಿಗೆ ಸೀರೆ ತಂದ. ಈ ಸೀಮೆಯಲ್ಲಿ ಅಕ್ಕತಂಗಿಯರಿಂದ ಪಾಲು ಬಿಡಿಸಿಕೊಳ್ಳುವುದು ಹೀಗೇ. ಹಬ್ಬಕ್ಕೆ ಸೀರೆ ಉಡಿಸಿ, ಅರಿಶಿನ ಕುಂಕುಮಕ್ಕೆ ಬಿಟ್ಟುಕೊಟ್ಟೆ ಅನ್ನಿಸಿಬಿಡುತ್ತಾರೆ. ಅರಿಶಿನ ಕುಂಕುಮವಂತೆ! ಆಸ್ತಿ ಅವನಿಗೆ, ಕುಂಕುಮ ಇವಳಿಗೆ. ಹಾಲೇಶಿ ಉಂಡೆ ತಿನ್ನುತ್ತಾ ಹೇಳಿದ: "ನೋಡಕ್ಕ, ಪಾಲು ತಗಂಡ್ರೆ ತವರು ಮುಗೀತು. ಬಿಟ್ಟುಕೊಟ್ರೆ ನನ್ನ ಮನೆ ಬಾಗಿಲು ನಿನಗೆ ಸಾಯೋತನಕ ತೆರೆದಿರ್ತತಿ. ಏನಂತಿ?"

ಬೇರೆ ಯಾವ ಪಂಚಮಿಯಾಗಿದ್ದರೂ ಸೀರೆ ಅವನ ಮುಖಕ್ಕೆ ಬೀಳುತ್ತಿತ್ತೋ, ಇಲ್ಲ ದುರುಗಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳೋ. ಆವತ್ತು ಅವಳ ಕೊರಳಲ್ಲಿ ಪಟ್ಟಿ, ಕಿವಿಯಲ್ಲಿ ಗುಂಡಿ ಇತ್ತು.

"ಆಗಲಿ" ಅಂದಳು.

ಮಾರನೆಯ ದಿನ ಹುಣಸೆಕಟ್ಟೆಗೆ ಫೋನು ಬಂತು.

"ವಕೀಲರೇ, ನಾನು ರಾಜಿ ಮಾಡಿಕೊಳ್ಳುತ್ತೇನೆ. ಪಾಲು ಬಿಟ್ಟುಕೊಡುತ್ತೇನೆ." ಪಟ್ಟಿಯಲ್ಲಿ ಹಾದುಬಂದ ಮಾತಿನಲ್ಲಿ ಭಟ್ಟಿಯ ಹೊಗೆಯೂ ಇರಲಿಲ್ಲ, ದುರುಗಮ್ಮನೂ ಇರಲಿಲ್ಲ.

"ಭಟ್ಟಿ ಉಳಿಯುವುದಿಲ್ಲ. ತಿಳಿದಿದೆಯೇ?" ಕಮಲಾಕ್ಷಿ ಕೇಳಿದಳು. ಅವಳ ಕೊರಳಲ್ಲೂ ಪಟ್ಟಿ.

"ತಿಳಿದಿದೆ."

"ಸರಿ."

ಹುಣಸೆಕಟ್ಟೆಯ ಮೇಲಾಗಿದ್ದರೆ ಕಮಲಾಕ್ಷಿ ಆ ಹೆಂಗಸಿನ ರಟ್ಟೆ ಹಿಡಿದು ಕೂರಿಸಿ, "ಏನಾಗೇತೆ ನಿನಗೆ? ಯಾರು ಹೇಳಿಕೊಟ್ರು? ಬಾಯಿ ಬಿಡು" ಎಂದು ಅಂಗಳವೆಲ್ಲ ತಿರುಗಿ ನೋಡುವ ಹಾಗೆ ಬೈಯುತ್ತಿದ್ದಳು. ಈಗ ರಾಜಿ ಅರ್ಜಿ ಬರೆದಳು. ವಿಚಾರಣೆಯ ದಿನ ನ್ಯಾಯಾಧೀಶರು ವಾಡಿಕೆಯ ಪ್ರಶ್ನೆ ಕೇಳಿದರು: "ಯಾರದಾದರೂ ಒತ್ತಾಯವಿದೆಯೇ?"

"ಒತ್ತಾಯವಿಲ್ಲ. ನನಗೆ ಒಪ್ಪಿಗೆ ಇದೆ."

ಹಸಿರು ಗೆರೆ ದಾರ ಎಳೆದ ಹಾಗೆ ನೆಟ್ಟಗಿತ್ತು. "ಎಂಥಾ ಗೆರೆ ನೋಡೇ! ಇಂಥಾ ಗಂಟಲಿಗೂ ಹೊಂದಿಸಿಬಿಟ್ಟೆ" ಎಂದು ರುದ್ರಮುನಿ ಆವತ್ತು ಹಿಗ್ಗಿದ. ಡಿಕ್ರಿಯಾಯಿತು. ದುರುಗಮ್ಮ ಪಟ್ಟಿಯನ್ನು ಡಬ್ಬಿಗೆ ಹಾಕಿ ಕೊರಿಯರಿಗೆ ಕೊಟ್ಟಳು.

ಪಟ್ಟಿ ಇನ್ನೂ ದಾರಿಯಲ್ಲಿತ್ತು, ದುರುಗಮ್ಮನೇ ಆಟೋ ಮಾಡಿಕೊಂಡು ಮನೆ ಹುಡುಕುತ್ತಾ ಬಂದುಬಿಟ್ಟಳು. ಈ ಉದ್ಯೋಗ ಶುರುವಾದ ಮೇಲೆ ಕಕ್ಷಿದಾರರೊಬ್ಬರು ಹೊಸ್ತಿಲು ತುಳಿದದ್ದು ಅದೇ ಮೊದಲು. ಮೈತುಂಬ ಮಂಡಕ್ಕಿಯ ಹೊಟ್ಟು. ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕೂತು ಹೋ ಎಂದು ಅತ್ತಳು.

"ಬಾಣಲಿ ಮುಂದೆ ನಿಂತಿದ್ದೆ ಕಣಮ್ಮಾ. ಅಕ್ಕಿ ಹಾಕ್ದೆ, ಅರಳ್ತು. ಆವಾಗ ಒಮ್ಮೆಗೇ ಎದಿಯಾಗೆ ಬೆಂಕಿ ಬಿತ್ತು. ನಾನೇನು ಮಾಡ್ಬಿಟ್ಟೆ? ಯಾರು ಒಪ್ಪಿದ್ದು? ನಾನಾ ಒಪ್ಪಿದ್ದು? ನನ್ನ ಬಾಯಾಗೆ ಯಾರು ಕುಂತಿದ್ರು?"

ಕಮಲಾಕ್ಷಿ ನಿಂತು ನೋಡುತ್ತಿದ್ದಳು. ಅವಳ ಕೈಯಲ್ಲಿ ಅರ್ಧ ಹೆಚ್ಚಿದ ಬದನೆಕಾಯಿ ಇತ್ತು. ಅಳುವವರ ಹತ್ತಿರ ಏನಾದರೂ ಮಾಡಬೇಕು ಎಂದು ಅವಳಿಗೆ ನೆನಪಿತ್ತು. ಏನು ಎಂದು ನೆನಪಿಗೆ ಬರಲಿಲ್ಲ. "ಡಿಕ್ರಿಯಾಗಿದೆ ದುರುಗಮ್ಮ" ಎಂದಳು. ಬದನೆಕಾಯಿ ಕಪ್ಪಾಗುತ್ತದೆಂದು ತಿರುಗಿ ಹೆಚ್ಚತೊಡಗಿದಳು.

ರುದ್ರಮುನಿ ಹೆಂಡತಿಯನ್ನೇ ನೋಡಿದ. ಆಮೇಲೆ ನೀರು ತಂದು ದುರುಗಮ್ಮನಿಗೆ ಕೊಟ್ಟವನು ಅವನೇ.

ಆವತ್ತು ಅವನು ಊಟ ಮಾಡಲಿಲ್ಲ. ಕೂತು ಯೋಚಿಸಿದ. ಅವನ ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದರೆ ಮೊದಲು ಬೀದಿಗೆ ಕೇಳುವ ಹಾಗೆ ಜಗಳವಾಗುತ್ತಿತ್ತು. ಈಗ ಕಮಲಾಕ್ಷಿ ಅದನ್ನೆತ್ತಿ ತಂತಿಗೆ ಹಾಕುತ್ತಿದ್ದಳು. ವಯಸ್ಸಾಯಿತು, ಮೆತ್ತಗಾದಳು ಎಂದುಕೊಂಡು ಅವನು ಒಳಗೊಳಗೇ ಸಂತೋಷಪಟ್ಟಿದ್ದ. ಅವಳ ತಾಯಿ ತೀರಿಕೊಂಡಾಗ ಅವಳು ಅಳಲಿಲ್ಲ. ಗಟ್ಟಿ ಹೆಂಗಸು ಎಂದು ಬಂಧುಬಳಗ ಹೊಗಳಿತ್ತು. ಆವತ್ತೂ ಶವ ಎತ್ತುವ ಮೊದಲು ಅವಳು ಎರಡು ವಿಚಾರಣೆ ಮುಗಿಸಿ ಬಂದಿದ್ದಳು.

ಮರುದಿನ ಅವನು ಉಗ್ರಾಣದಲ್ಲಿ ಕೂತು ಮೊದಲ ಸಲ ಪಟ್ಟಿಯನ್ನು ತನ್ನ ಕೊರಳಿಗೆ ಹಾಕಿಕೊಂಡ. ತನ್ನ ಮೇಲೆ ತನಗೇ ಬಂದಿದ್ದ ಸಿಟ್ಟಿನಲ್ಲಿ ಬಾಯಿಗೆ ಬಂದಂತೆ ಬೈದುಕೊಂಡ. ಗುಂಡಿಯ ಮೂಲಕ ಅವನ ಬೈಗುಳ ಅವನ ಕಿವಿಗೇ ವಾಪಸು ಬಂತು, ನುಣ್ಣಗೆ, ವಾರ್ತೆ ಓದುವವರ ಹಾಗೆ. ಇನ್ನಷ್ಟು ಬೈದ. ಸ್ವಲ್ಪ ಹೊತ್ತಿಗೆ ಬೈಯುವುದು ಯಾಕೆ ಎನ್ನಿಸಿತು. ಟೇಬಲ್ಲಿನ ಮೇಲೆ ಬಡಿಯುತ್ತಿದ್ದ ಕೈ ತಾನೇ ನಿಂತಿತು. ಗುಂಡಿ ಕಿತ್ತು ಪಟ್ಟಿಯನ್ನು ಮಾತ್ರ ಇಟ್ಟುಕೊಂಡು ಮಾತಾಡಿ ನೋಡಿದ. ಸಿಟ್ಟು ಮೆಲ್ಲಗೆ ಮರಳಿತು. ಅಂದರೆ ಕೆಲಸ ಮಾಡುತ್ತಿದ್ದುದು ಕಿವಿಯ ಗುಂಡಿ. ಮಾತು ಯಂತ್ರದಲ್ಲಿ ಹಾದುಬರುವಾಗ ಚೂರು ತಡವಾಗಿ ಕೇಳಿ ಮಾತಾಡುವವರಿಗೆ ಗಲಿಬಿಲಿಯಾಗಬಾರದೆಂದು, ಅವರಿಗೆ ಅವರ ಸೋಸಿದ ದನಿಯನ್ನೇ ಕೇಳಿಸುತ್ತಿದ್ದರು. ತನ್ನ ದನಿ ತಣ್ಣಗಿದ್ದರೆ ತಾನು ತಣ್ಣಗಿದ್ದೇನೆ ಎಂದು ಮೈ ನಂಬುತ್ತದೆ. ಎದೆ ನಿಧಾನವಾಗುತ್ತದೆ. ಮನುಷ್ಯನಿಗೆ ತನ್ನ ಮನಸ್ಸು ಅರ್ಧ ತಿಳಿಯುವುದೇ ತನ್ನ ಬಾಯಿಂದ ಬಂದದ್ದನ್ನು ತಾನೇ ಕೇಳಿಸಿಕೊಂಡು.

ಪಟ್ಟಿ ಮಾಡುವ ಕಂಪನಿಗೆ ಫೋನು ಮಾಡಿದ. ಅಲ್ಲಿಯ ಹುಡುಗಿಗೆ ಇದೇನೂ ಹೊಸದಾಗಿರಲಿಲ್ಲ.

"ಅದು ದೋಷ ಅಲ್ಲ ಸರ್, ಸೌಲಭ್ಯ. ಬಹಳ ಜನ ಅದಕ್ಕೋಸ್ಕರವೇ ತಗೋತಾರೆ."

"ತೆಗೆದಿಟ್ಟ ಮೇಲೆ ಸರಿಹೋಗ್ತದಾ?"

"ಸ್ವಲ್ಪ ದಿನ ಹಾಕ್ಕೊಂಡಿದ್ರೆ ತಕ್ಷಣ ಹೋಗುತ್ತೆ ಸರ್. ವರ್ಷಗಟ್ಟಲೆ ದಿನಪೂರ್ತಿ ಹಾಕಿದವರ ಬಗ್ಗೆ ನಮ್ಮ ಹತ್ರ ಮಾಹಿತಿ ಇಲ್ಲ. ಮತ್ತೇನಾದರೂ ಸಹಾಯ ಬೇಕಿತ್ತಾ ಸರ್?"

ಅವನು ಫೋನು ಕುಕ್ಕಿದ. ಅಡುಗೆಮನೆಗೆ ಹೋಗಿ ಎಲ್ಲವನ್ನೂ ಹೆಂಡತಿಗೆ ಹೇಳಿದ. ಕಮಲಾಕ್ಷಿ ಪೂರ್ತಿ ಕೇಳಿಸಿಕೊಂಡಳು. ಸಾರಿಗೆ ಒಗ್ಗರಣೆ ಹಾಕಿದಳು.

"ಹಾಗಾದರೆ ಅದು ಒಪ್ಪಿಗೆ ಅಲ್ಲ" ಅಂದಳು. "ರಾಜಿ ರದ್ದು ಮಾಡಿ ಅಂತ ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಪಟ್ಟಿ ಕೊಟ್ಟು ಮನೇಲಿ ಹಾಕ್ಕೊ ಅಂದೋರು ನಾವೇ ಅಂತ ಬರೀಬೇಕಾಗುತ್ತೆ. ಆಮೇಲೆ ನಮ್ಮ ಹತ್ರ ಯಾರೂ ಬರಲಿಕ್ಕಿಲ್ಲ."

"ಬರೀತೀಯಾ?"

"ಬರೀತೀನಿ. ಉಪ್ಪು ನೋಡ್ರಿ."

ಇಷ್ಟು ದೊಡ್ಡ ಮಾತನ್ನು ಅವಳು ಸಾರಿನ ಉಪ್ಪಿನ ಜೊತೆ ಹೇಳಿದ್ದು ಕಂಡು ರುದ್ರಮುನಿಗೆ ಭಯವಾಯಿತು.

ಅರ್ಜಿ ಹೋಯಿತು. ನ್ಯಾಯಾಧೀಶರು ಅದನ್ನು ಓದಿ ಅಪರೂಪದ ಆದೇಶ ಮಾಡಿದರು: ಹಳೆಯ ಕೋರ್ಟ್ ಹಾಲು ತೆರೆಯಬೇಕು, ಎಲ್ಲರೂ ಖುದ್ದು ಬರಬೇಕು, ಅರ್ಜಿದಾರಳು ಪಟ್ಟಿಯಿಲ್ಲದೆ ಅದೇ ಪ್ರಶ್ನೆಗೆ ಮತ್ತೊಮ್ಮೆ ಉತ್ತರಿಸಬೇಕು. ಅಲ್ಲಿಯವರೆಗೆ ಭಟ್ಟಿ ಮುಟ್ಟುವಂತಿಲ್ಲ.

ಕಮಲಾಕ್ಷಿ ಆವತ್ತಿನಿಂದ ಪಟ್ಟಿ ಮುಟ್ಟಲಿಲ್ಲ. ಬೇರೆ ಕೇಸುಗಳನ್ನು ಮುಂದೂಡಿಸಿದಳು. ಪಟ್ಟಿಯಿಲ್ಲದೆ ಮಾತಾಡಬೇಕೆಂದರೆ ಅರ್ಧಕ್ಕರ್ಧ ಕಕ್ಷಿದಾರರು, "ಹಂಗಾದ್ರೆ ಬ್ಯಾಡ ಬಿಡ್ರಿ ಮೇಡಂ" ಎಂದು ಬೇರೆ ಕಡೆ ಹೋದರು. ಉಗ್ರಾಣದ ಪರದೆಗಳು ಕಪ್ಪಗೆ ನಿಂತವು. ಆದರೂ ಅವಳಿಗೆ ಏನೂ ಮರಳಲಿಲ್ಲ.

ರುದ್ರಮುನಿ ಕಾದ. ಕಾದು ಸಾಕಾಗಿ ಅವಳಿಗೆ ಸಿಟ್ಟು ಬರಿಸಲು ಹೊರಟ. ಟವೆಲ್ಲನ್ನು ಬಕೆಟ್ಟಿನಲ್ಲಿ ಅದ್ದಿ ತಂದು ಅವಳ ದಿಂಬಿನ ಮೇಲೇ ಹಾಕಿದ. ಅವಳು ದಿಂಬು ಬಿಸಿಲಿಗಿಟ್ಟಳು. ಸಾರು ಚರಂಡಿ ನೀರಿನ ಹಾಗಿದೆ ಎಂದ. "ನಾಳೆ ನೀವು ಮಾಡ್ರಿ" ಅಂದಳು. ಕೊನೆಗೆ ಮದುವೆಯಾದಂದಿನಿಂದ ಯಾವತ್ತು ಎತ್ತಿದರೂ ಮನೆ ರಣರಂಗವಾಗುತ್ತಿದ್ದ ಮಾತನ್ನು ಎತ್ತಿದ.

"ನಿಮ್ಮಪ್ಪ ಮದುವೇಲಿ ವಾಚು ಕೊಡ್ತೀನಂತ ಹೇಳಿ ಕೊಡಲಿಲ್ಲ. ಜಿಪುಣ ಮುಂಡೇದು."

ಕಮಲಾಕ್ಷಿ ಸ್ವಲ್ಪ ಯೋಚಿಸಿದಳು. "ಹೌದು, ಕೊಡಲಿಲ್ಲ. ಹೇಳಿದ ಮೇಲೆ ಕೊಡಬೇಕಿತ್ತು" ಅಂದಳು.

ರುದ್ರಮುನಿ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತ. ಅವಳು ಕಿಟಕಿಯಿಂದ ನೋಡಿದಳು. ಅವನ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಕಿಟಕಿಯ ಸರಳು ಹಿಡಿದು ತನ್ನೊಳಗೆ ಏನಾದರೂ ಎದ್ದೀತೇ ಎಂದು ಕಾದಳು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ನಾಲಗೆ ಮರಗಟ್ಟಿದ ದವಡೆಯನ್ನು ತಡವಿ ನೋಡುತ್ತದಲ್ಲ, ಹಾಗೆ. ದವಡೆ ಇತ್ತು. ಅದು ಅವಳದು ಅನ್ನಿಸಲಿಲ್ಲ.

ವಿಚಾರಣೆಯ ದಿನ ಹಳೆಯ ಹಾಲಿನ ಬೀಗ ತೆಗೆದಿದ್ದರು. ಬೆಂಚುಗಳ ಮೇಲೆ ಪಾರಿವಾಳದ ಹಿಕ್ಕೆ. ಹೊರಗೆ ಹುಣಸೆಮರ ಇತ್ತು. ಕಟ್ಟೆಯನ್ನು ಒಡೆದು ಆ ಜಾಗದಲ್ಲಿ ಗಾಡಿ ನಿಲ್ಲಿಸಲು ಬಿಳಿ ಗೆರೆ ಎಳೆದಿದ್ದರು. ದುರುಗಮ್ಮ ಹಬ್ಬದ ಸೀರೆಯನ್ನಲ್ಲ, ಭಟ್ಟಿಯ ಸೀರೆಯನ್ನೇ ಉಟ್ಟು ಬಂದಿದ್ದಳು. ಹಾಲೇಶಿ ಮೂಲೆಯ ಬೆಂಚಿನಲ್ಲಿ ಅಕ್ಕನ ಕಣ್ಣು ತಪ್ಪಿಸಿ ಕೂತಿದ್ದ.

"ಅತ್ತುಬಿಡು ದುರುಗಮ್ಮ, ಮನೇಲಿ ಅತ್ತ ಹಂಗೆ" ಎಂದು ರುದ್ರಮುನಿ ಬಾಗಿಲ ಹತ್ತಿರ ಪಿಸುಗುಟ್ಟಿದ.

"ಅತ್ತು ಮುಗೀತು ಸ್ವಾಮಿ. ಎಷ್ಟಂತ ಅಳಾಕಾಗತ್ತೆ?" ಅಂದಳು ದುರುಗಮ್ಮ.

ನ್ಯಾಯಾಧೀಶರು ಕೇಳಿದರು. ಅವರೂ ಪಟ್ಟಿ ಹಾಕಿರಲಿಲ್ಲ. "ಪಾಲು ಬಿಟ್ಟುಕೊಡಲು ನಿಮಗೆ ಒಪ್ಪಿಗೆ ಇದೆಯೇ?"

"ಇಲ್ಲ."

"ಅಂದು ಇದೆ ಎಂದಿದ್ದಿರಿ."

"ಅಂದಿದ್ದೆ. ಈಗ ಇಲ್ಲ ಅಂತೀನಿ. ನಿಜ ಇದೇ."

ದಿನಗಟ್ಟಲೆ ಯೋಚಿಸಿ, ನಿದ್ದೆಗೆಟ್ಟು ಗಟ್ಟಿಮಾಡಿಕೊಂಡು ಬಂದ ಮಾತು ಅದು. ಅದರಲ್ಲಿ ನಡುಕ ಎಲ್ಲಿಂದ ಬಂದೀತು? ಹಾಲೇಶಿಯ ವಕೀಲ ಎದ್ದ. ಎಳೆಯ ವಯಸ್ಸಿನವನು, ಕೋಟು ಹೊಸದು. "ಅಂದಿನ ದನಿಗೂ ಇಂದಿನ ದನಿಗೂ ಏನು ವ್ಯತ್ಯಾಸ, ಸ್ವಾಮಿ? ಅಂದು ಹೇಗೆ ಒಪ್ಪಿದರೋ ಇಂದು ಹಾಗೇ ಒಲ್ಲೆ ಅನ್ನುತ್ತಿದ್ದಾರೆ. ನಾಳೆ ಮತ್ತೆ ಒಪ್ಪಬಹುದು. ಪಟ್ಟಿ ಇವರ ಮನಸ್ಸು ಕದ್ದಿದ್ದರೆ ಇವತ್ತು ಅದು ಕಾಣಬೇಕಿತ್ತಲ್ಲ."

ಕೋರ್ಟಿನಿಂದ ಅಳುವನ್ನು ಹೊರಗೆ ಹಾಕಿದವರು ಈಗ ಅಳು ತೋರಿಸು ಎಂದು ಕೇಳುತ್ತಿದ್ದರು.

"ಕಮಲಾಕ್ಷಿಯವರೇ?" ಎಂದರು ನ್ಯಾಯಾಧೀಶರು.

ಅವಳು ಎದ್ದು ನಿಂತಳು. ದುರುಗಮ್ಮ ತಿರುಗಿ ಅವಳ ಮುಖ ನೋಡಿದಳು. ಹೇಳಬೇಕಾದದ್ದು ಕಮಲಾಕ್ಷಿಗೆ ಗೊತ್ತಿತ್ತು. ಮೇಜು ಗುದ್ದಬೇಕು. ಹೆಂಗಸು ಗೋಳಾಡಿದರೆ ನಾಟಕ, ಗೋಳಾಡದಿದ್ದರೆ ಸುಳ್ಳು, ಹಾಗಾದರೆ ಅವಳು ಯಾವ ದನಿಯಲ್ಲಿ ಸಾಯಬೇಕು ಎಂದು ಪಾರಿವಾಳ ಹಾರಿಹೋಗುವ ಹಾಗೆ ಕೇಳಬೇಕು. ಮಾತುಗಳೆಲ್ಲ ಸಾಲಾಗಿ ಬಾಯಿಯವರೆಗೆ ಬಂದಿದ್ದವು. ಅವನ್ನು ಹೊರಗೆ ಎಸೆಯುವ ಕಾವು ಬರಲಿಲ್ಲ. ಬಾರದ ಬಸ್ಸಿಗೆ ಕಾಯುವವಳ ಹಾಗೆ ಅವಳು ನಿಂತೇ ಇದ್ದಳು.

"ಕಕ್ಷಿದಾರಳಿಗೆ ಆ ಸಾಧನವನ್ನು ಒಂದು ವಾರ ಧರಿಸುವಂತೆ ಹೇಳಿದ್ದು ನಮ್ಮ ಸಂಸ್ಥೆ" ಅಂದಳು. "ಅದು ಮನಸ್ಸನ್ನು ಮಂಕು ಮಾಡುತ್ತದೆ. ನನಗೂ ಆಗಿದೆ. ಆದ್ದರಿಂದ ಅಂದಿನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಪರಿಗಣಿಸಬಾರದು."

ಅಷ್ಟು ಹೇಳಿ ಕೂತಳು. ಪ್ರತಿ ಮಾತೂ ಸರಿಯಾಗಿತ್ತು. ದರದ ಹಲಗೆ ಓದಿದ ಹಾಗಿತ್ತು.

ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡರು. "ಆ ಸಾಧನವನ್ನು ನಾನೂ ದಿನವಿಡೀ ಧರಿಸುತ್ತೇನೆ. ನನಗೆ ಏನೂ ಆಗಿಲ್ಲ" ಎಂದರು. ಅಳೆದು ನೀರು ಹೊಯ್ದ ಹಾಗಿತ್ತು ಅವರ ದನಿ. "ಅರ್ಜಿ ವಜಾ."

ಮೇಲಿನ ಕೋರ್ಟಿಗೆ ಹೋಗೋಣ ಎಂದು ಕಮಲಾಕ್ಷಿ ಮೆಟ್ಟಿಲ ಮೇಲೆ ಹೇಳಿದಳು. "ಹೋಗ್ರಿ. ಅಷ್ಟೊತ್ತಿಗೆ ಭಟ್ಟಿ ಇರಲ್ಲ" ಎಂದು ದುರುಗಮ್ಮ ಆಟೋ ಹತ್ತಿದಳು. ಕಮಲಾಕ್ಷಿ ಮೇಲ್ಮನವಿ ಬರೆದೇ ಬರೆದಳು. ಅದು ದಾಖಲಾಗಿ ಸರತಿಗೆ ನಿಲ್ಲುವಷ್ಟರಲ್ಲಿ ಹಾಲೇಶಿ ಬ್ಯಾಟರಿ ಕೇಂದ್ರದವರಿಗೆ ಜಾಗ ಬರೆದುಕೊಟ್ಟಿದ್ದ.

ಭಟ್ಟಿ ಕೆಡವುವ ದಿನ ಗಂಡಹೆಂಡತಿ ಇಬ್ಬರೂ ಹೋದರು. ಯಾರೂ ಕರೆದಿರಲಿಲ್ಲ. ಚಿಮಣಿ ಅರ್ಧ ಉರುಳಿತ್ತು. ಬಾಣಲೆ ಅಂಗಳದಲ್ಲಿ ಬೋರಲು ಬಿದ್ದಿತ್ತು, ಮರಳು ಅದರ ಪಕ್ಕ ಗುಡ್ಡೆಯಾಗಿತ್ತು. ಅಷ್ಟು ವರ್ಷ ಕಾದ ಮರಳು, ಕರ್ರಗೆ ಆಗಿಹೋಗಿತ್ತು. ದುರುಗಮ್ಮ ಕೊನೆಯ ಸಲ ಹುರಿದ ಮಂಡಕ್ಕಿಯನ್ನು ಚೀಲಗಳಿಂದ ತೋಡಿ, ಕೆಡವುವ ಕೂಲಿಯವರಿಗೂ ಅಕ್ಕಪಕ್ಕದವರಿಗೂ ಹಂಚುತ್ತಿದ್ದಳು. ಯಾರೋ ಬಿಸಿ ಮೆಣಸಿನಕಾಯಿ ಬಜ್ಜಿ ತಂದಿಟ್ಟಿದ್ದರು.

ಕಮಲಾಕ್ಷಿಯನ್ನು ಕಂಡು ದುರುಗಮ್ಮ ಕೈಯಲ್ಲಿದ್ದ ಸೇರನ್ನು ನೆಲಕ್ಕೆ ಕುಕ್ಕಿದಳು.

"ನಿಮ್ಮನ್ನೇ ಯಾಕೆ ಹಿಡಿದೆ ಗೊತ್ತಾ ವಕೀಲಮ್ಮಾರೆ? ಊರಾಗೆ ವಕೀಲ್ರು ಇರಲಿಲ್ವಾ? ಹಿಂದೊಮ್ಮೆ ನಮ್ಮ ಓಣಿ ಗೌರಮ್ಮನ ಕೇಸಿಗೆ ಕೋರ್ಟಿಗೆ ಬಂದಿದ್ದೆ. ನೀವು ಮರದ ಕಟ್ಟಿ ಮೇಲೆ ನಿಂತು ಅವಳ ಗಂಡನ್ನ ಬೈತಿದ್ರಿ. ನಾಯಿಗೆ ಬೈದಂಗೆ ಬೈತಿದ್ರಿ. ಅವನು ನಡುಗ್ತಿದ್ದ. ನನಗೆ ನನ್ನ ತಮ್ಮನ್ನ ಬೈಯಾಕೆ ಬರಲ್ಲ. ಎತ್ತಿ ಆಡಿಸಿದ ಕೂಸು ಅದು, ನಾಲಗಿ ಏಳಲ್ಲ. ಅದಕ್ಕೇ, ನನ್ನ ಪರವಾಗಿ ಈಯಮ್ಮ ಬೈಲಿ ಅಂತ ನಿಮ್ಮ ಹತ್ರ ಬಂದೆ. ನೀವು ಒಂದು ಮಾತು ಬೈಲಿಲ್ಲ. ನನಗೂ ಬೈಲಿಲ್ಲ. ರಾಜಿ ಮಾಡ್ಕೊಂತೀನಿ ಅಂದ್ನಲ್ಲ, ಆವತ್ತು ನನಗೆ ಒಂದು ಬೈದಿದ್ರೆ ಸಾಕಿತ್ತಲ್ಲಮ್ಮ!"

ಗೋಡೆಯ ಮೇಲೆ ಹಾರೆ ಬಿತ್ತು. ದೂಳು ಎದ್ದು ಎಲ್ಲರ ಮೇಲೂ ಕೂತಿತು. ದುರುಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಅಷ್ಟೆಲ್ಲ ಅಂದವಳೇ, ಒಂದು ತಟ್ಟೆಗೆ ಮಂಡಕ್ಕಿ ತುಂಬಿ, ಮೇಲೆ ಎರಡು ಮೆಣಸಿನಕಾಯಿ ಬಜ್ಜಿ ಇಟ್ಟು ಕಮಲಾಕ್ಷಿಯ ಕೈಗೆ ಕೊಟ್ಟಳು. "ತಿನ್ರಿ. ನಮ್ಮ ಭಟ್ಟೀದು ಇನ್ನು ಸಿಗಲ್ಲ."

ಗಂಡಹೆಂಡತಿ ಬೋರಲು ಬಿದ್ದ ಬಾಣಲೆಯ ಬೆನ್ನ ಮೇಲೆ ಕೂತರು. ಕಮಲಾಕ್ಷಿ ಮೆಣಸಿನಕಾಯಿಯನ್ನು ಬೀಜ ತೆಗೆಯದೆ ಇಡಿಯಾಗಿ ಕಚ್ಚಿದಳು. ಅಗಿದಳು. ಅವಳ ಕಿವಿ ಕೆಂಪಾಯಿತು. ಕಣ್ಣು ತುಂಬಿಕೊಂಡು ಕೆನ್ನೆಯ ದೂಳಿನ ಮೇಲೆ ನೀರು ಇಳಿಯಿತು.

ರುದ್ರಮುನಿ ತಿನ್ನುವುದನ್ನು ಬಿಟ್ಟು ಅವಳ ಮುಖಕ್ಕೆ ಮುಖ ತಂದ. "ಕಮಲೀ? ಅಳ್ತಿದ್ದೀಯಾ?"

ಅವಳು ಕೆನ್ನೆ ಮುಟ್ಟಿಕೊಂಡು ಬೆರಳು ನೋಡಿದಳು.

"ಖಾರ" ಅಂದಳು.

ಹಿಂದೆ ಗೋಡೆಯ ಇನ್ನೊಂದು ಭಾಗ ಬಿತ್ತು. ಆಮೇಲೆ ಅವನು ತಟ್ಟೆಯಲ್ಲಿ ಉಳಿದಿದ್ದ ಇನ್ನೊಂದು ಮೆಣಸಿನಕಾಯಿಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದ.

"ಇದನ್ನೂ ತಿನ್ನು" ಅಂದ.